ಸತ್ತ ಸೆಲ್ಲಿನ ಸಮಾಚಾರ

ಹೋಟೆಲಿನ ಗೋಡೆ ಗಡಿಯಾರ ನಾಲ್ಕೂವರೆಗೆ ನಿಂತುಬಿಟ್ಟಿತ್ತು. ‘ಸೆಲ್ ಸತ್ತಿದೆ ಸಾರ್’ ಎಂದ ಮಾಣಿ. ನಮ್ಮ ಬಯಾಲಜಿ ಮೇಷ್ಟ್ರಿಗೆ ಅಷ್ಟೇ ಸಾಕಾಯಿತು.

‘ಜಗತ್ತಿನಲ್ಲಿ ಮೊದಲು ಕಣ್ಣಿಗೆ ಬಿದ್ದ ಸೆಲ್ಲೂ ಸತ್ತದ್ದೇ ಕಣ್ರಯ್ಯಾ!’

‘ಟಾರ್ಚಿಂದಾ?’ ಎಂದ ಸೈಟು ಮಾರುವ ಬ್ರೋಕರ್ ಗೆಳೆಯ.

‘ಕಾರ್ಕಿಂದು. ಬಾಟ್ಲಿ ಬಾಯಿಗೆ ಬಿರಡೆ ಹಾಕ್ತಾರಲ್ಲ, ಅದು. ಲಂಡನ್ನಿನಲ್ಲಿ ರಾಬರ್ಟ್ ಹುಕ್ ಅಂತ ಇದ್ದ. ಕ್ಷೌರದ ಕತ್ತಿಯಷ್ಟು ಹರಿತ ಮಾಡಿದ ಚಾಕುವಿನಿಂದ ಕಾರ್ಕನ್ನು ತೆಳ್ಳಗೆ ಹೆರೆದ. ಚೂರು ಬೆಳ್ಳಗಿತ್ತು, ಅದಕ್ಕೇ ಕಪ್ಪು ತಟ್ಟೆಯ ಮೇಲಿಟ್ಟು ಮೈಕ್ರೊಸ್ಕೋಪಿನಲ್ಲಿ ನೋಡಿದ. ಜೇನುಹಟ್ಟಿಯ ಹಾಗೆ ಬರೀ ಕೋಣೆಗಳು! ಸೆಲ್, ಅಂದರೆ ಪುಟ್ಟ ಕೋಣೆ, ಎಂದು ಕರೆದ. 1665ರಲ್ಲಿ ‘ಮೈಕ್ರೊಗ್ರಾಫಿಯಾ’ ಅಂತ ಪುಸ್ತಕ ತಂದ.’

ಕೋಣೆ ಎಂದದ್ದೇ ತಡ, ಬ್ರೋಕರ್ ಕುರ್ಚಿ ಮುಂದಕ್ಕೆಳೆದುಕೊಂಡ. ‘ಎಷ್ಟು ರೂಮು?’

‘ಎಣಿಸಿದ, ಪುಣ್ಯಾತ್ಮ. ಇಂಚಿನ ಹದಿನೆಂಟನೇ ಒಂದು ಪಾಲಿನಲ್ಲಿ ಸುಮಾರು 60. ಗುಣಿಸಿದರೆ ಚದರ ಇಂಚಿಗೆ 11,66,400. ಘನ ಇಂಚಿಗೆ 125 ಕೋಟಿಗೂ ಜಾಸ್ತಿ.’

‘ಎಲ್ಲಾ ಫುಲ್ಲಾ?’

‘ಎಲ್ಲಾ ಖಾಲಿ. ಕಾರ್ಕ್ ಅಂದರೆ ಓಕ್ ಜಾತಿಯ ಮರದ ತೊಗಟೆ. ಒಳಗಿನ ಜೀವ ಹೋಗಿ ಗೋಡೆ, ಗಾಳಿ ಎರಡೇ ಉಳಿದಿವೆ. ಅದಕ್ಕೇ ಅದು ಹಗುರ, ಅದುಮಿದರೆ ಮತ್ತೆ ಉಬ್ಬುತ್ತೆ.’

‘125 ಕೋಟಿ ರೂಮು, ಒಬ್ಬ ಬಾಡಿಗೆದಾರನಿಲ್ಲ!’ ಬ್ರೋಕರನಿಗೆ ನಿಜಕ್ಕೂ ಸಂಕಟವಾಯಿತು.

‘ಹಸಿ ಗಿಡಗಳನ್ನೂ ನೋಡಿದ. ಅಲ್ಲಿ ಕೋಣೆ ತುಂಬಾ ರಸ.’

‘ನೀರಿನ ಸೌಕರ್ಯ ಇದೆ ಅನ್ನಿ.’

‘ಇದೆ. ಆದರೆ ಜೀವ ಇರೋದೇ ಅಲ್ಲಿ ಅಂತ ಅವನಿಗೆ ಹೊಳೆಯಲಿಲ್ಲ. ರಸ ಹರಿಯೋ ದಾರಿ ಇರಬೇಕು ಅಂದುಕೊಂಡ. ಕೋಣೆಯೊಳಗಿನ ಯಜಮಾನನಿಗೆ ನ್ಯೂಕ್ಲಿಯಸ್ ಅಂತ ರಾಬರ್ಟ್ ಬ್ರೌನ್ ಹೆಸರಿಟ್ಟಿದ್ದು 1831ರಲ್ಲಿ. ಗಿಡವೆಲ್ಲ ಸೆಲ್ಲುಗಳಿಂದಲೇ ಆಗಿದೆ ಅಂತ ಶ್ಲೈಡನ್ ಹೇಳಿದ್ದು 1838ರಲ್ಲಿ.’

‘ನೂರೆಪ್ಪತ್ತು ವರ್ಷ ಖಾತಾನೇ ಆಗಲಿಲ್ವಾ? ನಮ್ಮ ಕಚೇರಿಗಳೇ ವಾಸಿ!’

ಆ ಮಟ್ಟಿಗೆ ನಮ್ಮ ಭಾಷೆ ಜಾಣ ಎಂದು ನನಗನ್ನಿಸಿತು. ನಾವು ಅದನ್ನು ರೂಮು ಅನ್ನಲಿಲ್ಲ, ಕೋಶ ಎಂದೆವು. ಕೋಶ ಎಂದರೆ ಖಜಾನೆ. ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಬ್ರೋಕರ್ ರೇಟು ಏರಿಸುತ್ತಿದ್ದ.

‘ಅದೇ ಪುಸ್ತಕದಲ್ಲಿ ಒಂದು ಇರುವೆ ಇದೆ’ ಎಂದರು ಮೇಷ್ಟ್ರು. ‘ಚಿತ್ರ ಬರೆಯೋಕೆ ಅದು ನಿಲ್ಲಬೇಕಲ್ಲ? ಕಾಲಿಗೆ ಅಂಟು ಹಾಕಿದರೆ ಮೈ ತಿರುಚುತ್ತೆ. ಕೊಂದರೆ ಆಕಾರ ಕೆಡುತ್ತೆ. ಕೊನೆಗೆ ಬ್ರಾಂದಿಯಲ್ಲಿ ಅದ್ದಿದ. ಇರುವೆ ಫುಲ್ ಟೈಟು! ಒಂದು ಗಂಟೆ ಅಲ್ಲಾಡಲಿಲ್ಲ. ಆಮೇಲೆ ಇದ್ದಕ್ಕಿದ್ದ ಹಾಗೆ ಎದ್ದು ಓಡಿತು.’

ಇಷ್ಟು ಹೊತ್ತೂ ಸುಮ್ನೆ ವಡೆ ಮುರಿಯುತ್ತಿದ್ದ ಬ್ಯಾಂಕಿನ ಗೆಳೆಯ ತಲೆಯೆತ್ತಿದ. ‘ಓಹೋ, ಬಿರಡೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು.’

ಮೇಷ್ಟ್ರು ಕೇಳಿಸದವರಂತೆ ಮುಂದುವರಿಸಿದರು. ‘ಸಾಮ್ಯುಯೆಲ್ ಪೀಪ್ಸ್ ಅಂತ ಡೈರಿ ಬರೆಯೋ ಮಹಾಶಯ, ರಾತ್ರಿ 2 ಗಂಟೆವರೆಗೆ ಕೂತು ಈ ಪುಸ್ತಕ ಓದಿದನಂತೆ.’

‘ಮನೆಯಲ್ಲಿ ಬೈಯಲಿಲ್ವಾ?’

ಆಗ ನಾಲ್ವರಿಗೂ ಒಟ್ಟಿಗೇ ಮನೆ ನೆನಪಾಯಿತು. ಹೊರಗೆ ಬೀದಿದೀಪ ಹತ್ತಿತ್ತು. ಗೋಡೆ ನೋಡಿದೆವು. ನಾಲ್ಕೂವರೆ.

‘ಇನ್ನೂ ಟೈಮಿದೆ’ ಎಂದ ಬ್ರೋಕರ್. ‘ಮಾಣೀ, ಎರಡು ಬೈ-ಟು ಕಾಫಿ! ಆ ಸೆಲ್ ಈಗ ಬದಲಾಯಿಸಬೇಡಪ್ಪಾ.’