ಅಪ್‌ಡೇಟ್: ಮೆಟ್ಟುಗತ್ತಿಯ ಗಾಯ ಮಾಯ್ದರೂ ಉಳಿದ ನರನೋವು

ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಗೆ ಮಣಿಕಟ್ಟು ಕೊಯ್ದುಕೊಂಡಿದ್ದೆ. ಹೊಲಿಗೆ ಮಾಯ್ದು ತಿಂಗಳುಗಳಾದರೂ ಕಿರುಬೆರಳಿನ ಉರಿ ಏಕೆ ಹೋಗುತ್ತಿಲ್ಲ ಎಂದು ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಶಿರಸಿಯಿಂದ ಹುಬ್ಬಳ್ಳಿಗೆ ಹೋಗಿ ನರತಜ್ಞರಿಗೆ ತೋರಿಸಿದೆ. ನರದಲ್ಲಿ ಸಂಕೇತ ಹರಿಯುವ ವೇಗ ಅಳೆಯುವ ಪರೀಕ್ಷೆಯಲ್ಲಿ ಮಣಿಕಟ್ಟಿನ ಮೂಲಕ ಕಿರುಬೆರಳಿಗೆ ಹೋಗುವ ಅಲ್ನಾರ್ ನರಕ್ಕೆ ಪೆಟ್ಟಾಗಿರುವುದು ಕಂಡಿತು. ಪೂರ್ತಿ ತುಂಡಾಗಿಲ್ಲ, ಪುಣ್ಯ. ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಅಷ್ಟೇ ಅಂತೆ. ಗಡಿಬಿಡಿ ಮಾಡಿ ಪ್ರಯೋಜನವಿಲ್ಲ. ಗಾಯ ಆರಿದರೂ ಪೆಟ್ಟು ತಿಂದ ನರ ಸುಮ್ಮನೆ ನೋವಿನ ಸುದ್ದಿ ಕಳುಹಿಸುತ್ತಲೇ ಇರುತ್ತದೆ. ಪ್ಯಾರಾಸಿಟಮಾಲ್ ನಾಟದಿರಲು ಅದೇ ಕಾರಣ. ಈಗ ನರನೋವಿಗೆ ಕೊಡುವ ಪ್ರೆಗಾಬಾಲಿನ್ ಮಾತ್ರೆ ನಡೆಯುತ್ತಿದೆ. ಉರಿ ಇಳಿದಿದೆ, ಆದರೆ ಬೆಳಗ್ಗೆ ತಲೆ ಮಂಕು, ಬೈಕ್ ಸದ್ಯಕ್ಕೆ ಬಂದ್. ವೈದ್ಯರನ್ನು ಕೇಳದೆ ಈ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದಂತೆ.

ನನಗೆ ನಿಜವಾಗಿ ಗುಣ ಕಂಡದ್ದು ಫಿಸಿಯೋಥೆರಪಿಯಲ್ಲಿ. ಮುಟ್ಟಿದರೆ ಸಿಡಿಯುತ್ತಿದ್ದ ಬೆರಳಿಗೆ ಮೊದಲು ಹತ್ತಿ ಸವರುವುದು, ಆಮೇಲೆ ಒರಟು ಟವೆಲ್, ಈಗ ಅಕ್ಕಿ ಡಬ್ಬಿಯೊಳಗೆ ಕೈಯಾಡಿಸುವುದು. "ಅನ್ನಕ್ಕಿಡುವ ಅಕ್ಕಿ ಅಲ್ಲವಲ್ಲ?" ಎಂದು ಅತ್ತೆ ದಿನವೂ ವಿಚಾರಿಸುತ್ತಾರೆ.

ಥಂಡಿ ಗಾಳಿಗೆ ಬೆರಳು ಈಗಲೂ ಸುಡುತ್ತದೆ. ಈ ಸಲದ ಕೊಯ್ಲಿಗೆ ಸುಲಿಯುವ ಯಂತ್ರದವರಿಗೆ ಹೇಳಿಟ್ಟಿದ್ದೇನೆ.