"ಅಯ್ಯೋ, ಇದೆಲ್ಲಾ ಯಾಕೆ ತರೋಕೆ ಹೋದ್ರಿ?"

ಯಾರಾದರೂ ಉಡುಗೊರೆ ಕೊಟ್ಟರೆ ನನಗೆ ಕೈಕಾಲೇ ಆಡುವುದಿಲ್ಲ. "ಅಯ್ಯೋ, ಇದೆಲ್ಲಾ ಯಾಕೆ" ಅನ್ನುವ ಮಾತು ತಾನಾಗಿ ಬಾಯಿಗೆ ಬಂದುಬಿಡುತ್ತದೆ. ಮೊನ್ನೆ ಗೆಳತಿಯೊಬ್ಬಳು ವಾಚ್ ತಂದುಕೊಟ್ಟಳು. ಹಾಗೇ ಅಂದೆ. ಅವಳ ಮುಖ ಸಣ್ಣದಾಯಿತು. ಇಷ್ಟವಾಗದ ವಸ್ತು ಬಂದರಂತೂ ನನ್ನ ಮುಖವೇ ಹೇಳಿಬಿಡುತ್ತದೆ. ನೀವೆಲ್ಲ ಏನು ಮಾಡುತ್ತೀರಿ?

— — —

ನಾನೂ ಹೀಗೇ ಇದ್ದೆ. ಚಿಕ್ಕಮ್ಮ ಒಂದು ಸಲ ಸ್ವೆಟರ್ ಹೆಣೆದು ತಂದಿದ್ದರು. ಕವರ್ ಬಿಚ್ಚುವ ಮೊದಲೇ "ಸುಮ್ನೆ ಯಾಕೆ ಕಷ್ಟಪಟ್ರಿ ಚಿಕ್ಕಮ್ಮ, ನನ್ನ ಹತ್ರ ಬೇಕಾದಷ್ಟಿದೆ" ಅಂದೆ. ಸಂಕೋಚದಿಂದ ಆಡಿದ ಮಾತು ಅದು. ಅವರಿಗೆ ಕೇಳಿಸಿದ್ದು "ಬೇಡ" ಅಂತ. "ಹೋಗ್ಲಿ ಬಿಡು, ಬೇರೆ ಯಾರಿಗಾದ್ರೂ ಆಗುತ್ತೆ" ಅಂತ ವಾಪಸ್ ಚೀಲಕ್ಕೆ ಹಾಕಿಕೊಳ್ಳತೊಡಗಿದರು. ನಾನೇ ಕಿತ್ತುಕೊಂಡಂತೆ ಇಸಿದುಕೊಂಡೆ.

ಅದನ್ನು ಸರಿಯಾಗಿ ನೋಡಿದ್ದು ಎಷ್ಟೋ ದಿನದ ಮೇಲೆ. ಎಡತೋಳು ಒಂದು ಬೆರಳಿನಷ್ಟು ಉದ್ದ. ಮೊಣಕೈ ಹತ್ತಿರ ಬಿಚ್ಚಿ ಮತ್ತೆ ಹೆಣೆದ ಗುರುತು. ಅಲ್ಲಿ ಉಲ್ಲನ್ ಸ್ವಲ್ಪ ನುಲಿದುಕೊಂಡಿತ್ತು. ಅವತ್ತು ಅವರೆದುರೇ ಬಿಚ್ಚಿ ಇದನ್ನು ನೋಡಿದ್ದರೆ ಸಾಕಿತ್ತು, ಬೇರೆ ಮಾತೇ ಬೇಕಿರಲಿಲ್ಲ.

ಈಗ ಏನು ಮಾಡುತ್ತೇನೆಂದರೆ, ಕೈಯಲ್ಲಿರುವ ಫೋನ್ ಪಕ್ಕಕ್ಕಿಡುತ್ತೇನೆ. ಅವರಿಗೆ ಮುಜುಗರವಿಲ್ಲ ಅನ್ನಿಸಿದರೆ ಅಲ್ಲೇ ಬಿಚ್ಚುತ್ತೇನೆ. ಸುಮ್ಮನೆ "ಚೆನ್ನಾಗಿದೆ" ಅನ್ನುವ ಬದಲು ಕಣ್ಣಿಗೆ ಬಿದ್ದ ಒಂದು ವಿಷಯ ಹೇಳುತ್ತೇನೆ, ಬಣ್ಣವೋ ಗುಂಡಿಯೋ, ಏನಾದರೂ. ಆಮೇಲೆ "ಇದನ್ನ ಹೇಗೆ ಹುಡುಕಿದ್ರಿ?" ಅಂತ ಕೇಳುತ್ತೇನೆ. ಕೊಟ್ಟವರ ಹತ್ತಿರ ಅದರದ್ದೊಂದು ಕಥೆ ಇದ್ದೇ ಇರುತ್ತದೆ. ಅವರು ಮಾತಾಡತೊಡಗಿದರೆ ನಿಮ್ಮ ಮುಖ ಹೇಗಿದೆ ಅನ್ನುವ ಚಿಂತೆ ಅರ್ಧ ಇಳಿಯುತ್ತದೆ.

— — —

ಇಷ್ಟವಾಗದ್ದಕ್ಕೆ ನನ್ನದೊಂದು ಮಾತು: ಜಾಸ್ತಿ ಹೊಗಳಬೇಡಿ. ಒಮ್ಮೆ ಪಿಂಗಾಣಿ ಆಮೆ ಬಂತು. "ನನಗೆ ಆಮೆ ಅಂದ್ರೆ ಪ್ರಾಣ" ಅಂದುಬಿಟ್ಟೆ. ಈಗ ಕಪಾಟಿನಲ್ಲಿ ಏಳು ಆಮೆಗಳಿವೆ. "ನನ್ನ ನೆನಪು ಮಾಡ್ಕೊಂಡು ತಂದ್ರಲ್ಲ, ಖುಷಿಯಾಯ್ತು" ಅನ್ನಿ. ಅದರಲ್ಲಿ ಸುಳ್ಳಿಲ್ಲ, ಮತ್ತೊಂದು ಆಮೆಯೂ ಬರುವುದಿಲ್ಲ. ಅಳತೆ ಹೊಂದದಿದ್ದರೆ ಮಾತ್ರ ಬೇಗ ಹೇಳಿ, ಬದಲಾಯಿಸುವ ದಿನ ಮುಗಿದ ಮೇಲೆ ಹೇಳಿದರೆ ಇಬ್ಬರಿಗೂ ಬೇಜಾರು.

— — —

ನಿಮ್ಮ ಸಂಕೋಚಕ್ಕೆ ಬೆಲೆಯೂ ಕಾರಣ ಇರಬಹುದು, ಅಲ್ವಾ? "ಇಷ್ಟು ದುಡ್ಡು ಹಾಕಿದ್ದಾಳೆ, ನಾನೇನು ಕೊಡಲಿ" ಅಂತ ಆ ಕ್ಷಣದಲ್ಲೇ ಲೆಕ್ಕ ಶುರುವಾಗುತ್ತದೆ. ನನಗಂತೂ ಹಾಗೇ. ಫ್ರಾನ್ಸಿಸ್ ಫ್ಲಿನ್ ಮತ್ತು ಗೇಬ್ರಿಯಲ್ ಆಡಮ್ಸ್ 2009ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದ ಮೇಲೆ ಸ್ವಲ್ಪ ಹಗುರವಾಯಿತು. ದುಬಾರಿಯಾದಷ್ಟೂ ಮೆಚ್ಚುಗೆ ಜಾಸ್ತಿ ಅಂತ ಕೊಡುವವರು ಅಂದುಕೊಂಡಿದ್ದರು. ಪಡೆದವರ ಮೆಚ್ಚುಗೆಗೂ ಬೆಲೆಗೂ ಅಂಥ ನಂಟು ಕಾಣಲಿಲ್ಲ. ಹಾಗಾಗಿ ವಾಪಸ್ ಕೊಡುವಾಗ ಸಮ ಮಾಡುವ ಯೋಚನೆ ಬಿಟ್ಟಿದ್ದೇನೆ. ಅದೇ ವಾರ ಓಡಿಹೋಗಿ ಏನೋ ಒಂದು ತಂದುಕೊಟ್ಟರೆ ಸಾಲ ತೀರಿಸಿದ ಹಾಗಿರುತ್ತದೆ.

— — —

ಎಲ್ಲವನ್ನೂ ತೆಗೆದುಕೊಳ್ಳಬೇಕು ಅಂತಿಲ್ಲ. ನನ್ನ ಸಹಿಗೆ ಕಾಯುತ್ತಿದ್ದವರೊಬ್ಬರು ದೊಡ್ಡ ಡಬ್ಬಿ ತಂದರು. "ನಿಮ್ಮ ಪ್ರೀತಿ ದೊಡ್ಡದು, ಆದ್ರೆ ಕೆಲಸದಲ್ಲಿ ಇದನ್ನ ತಗೊಳ್ಳೋ ಹಾಗಿಲ್ಲ" ಅಂತ ಪಕ್ಕಕ್ಕೆ ಕರೆದು ಹೇಳಿ ವಾಪಸ್ ಕೊಟ್ಟುಬಿಟ್ಟೆ. ನಾಲ್ಕು ಜನರ ಮುಂದೆ ಹೇಳಲಿಲ್ಲ, ಅಷ್ಟೇ.

— — —

ಎದುರಿಗೆ ಮಾತು ಬರದಿದ್ದರೆ ಆಮೇಲೆ ಬರೆಯಿರಿ. ತಡವಾಯಿತು, ಈಗ ಬರೆದರೆ ವಿಚಿತ್ರ ಅಂತ ಅನ್ನಿಸುತ್ತದೆ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಅನ್ನುವ ಸಂಶೋಧಕರು 2018ರ ಅಧ್ಯಯನದಲ್ಲಿ ಇದನ್ನೇ ನೋಡಿದ್ದರು. ಧನ್ಯವಾದದ ಪತ್ರ ಬರೆದವರು ಓದುವವರಿಗೆ ಮುಜುಗರವಾಗುತ್ತದೆ ಅಂತ ಜಾಸ್ತಿಯೇ ಹೆದರಿದ್ದರು. ಓದಿದವರ ಖುಷಿಯನ್ನು ಕಡಿಮೆ ಅಂದಾಜು ಮಾಡಿದ್ದರು. ನಿಮ್ಮ ಗೆಳತಿಗೆ ಇವತ್ತೇ ಎರಡು ಸಾಲು ಕಳಿಸಿ. ವಾಚ್ ಕಟ್ಟಿಕೊಂಡ ಕೈಯ ಫೋಟೋ ಜೊತೆಗಿರಲಿ.

— — —

ಕೇಳಿದವಳು ನಾನೇ. ಕಳಿಸಿದೆ. "ಅವತ್ತು ಸಂಕೋಚಕ್ಕೆ ಹಾಗಂದೆ, ಮುಳ್ಳಿನ ಆ ನೀಲಿ ತುದಿ ನನಗೆ ತುಂಬಾ ಹಿಡಿಸಿದೆ" ಅಂತ ಬರೆದೆ. ಹತ್ತು ನಿಮಿಷ ಏನೂ ಬರಲಿಲ್ಲ. ಆಮೇಲೆ ಫೋನೇ ಬಂತು. ಆ ನೀಲಿಗಾಗಿಯೇ ಎರಡು ಸಲ ಅಂಗಡಿಗೆ ಹೋಗಿದ್ದಳಂತೆ. ಬೆಲ್ಟ್ ಸ್ವಲ್ಪ ಸಡಿಲ ಅಂದೆ. ಇನ್ನೊಂದು ತೂತು ಹಾಕಿಸಲು ಭಾನುವಾರ ಇಬ್ಬರೂ ಹೋಗುತ್ತಿದ್ದೇವೆ.