ಗ್ರೇಟ್ ಮಿಸೆಂಡನ್‌ನ ರೋಲ್ಡ್ ಡಾಲ್ ವಸ್ತುಸಂಗ್ರಹಾಲಯ: ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೋಗಿಬಂದವರ ಅನುಭವ

ಪ್ರಶ್ನೆ

ಬೇಸಿಗೆ ರಜೆಯಲ್ಲಿ ನಮ್ಮ ಅತ್ತೆ ಮಾವ ಊರಿನಿಂದ ಲಂಡನ್ನಿಗೆ ಬರುತ್ತಿದ್ದಾರೆ. ಒಂಬತ್ತು ವರ್ಷದ ಮಗಳು ಮಕ್ಕಳ ಕಥೆಗಾರ ರೋಲ್ಡ್ ಡಾಲ್ ಅವರ ಪುಸ್ತಕಗಳನ್ನು ಒಂದು ಮುಗಿಯುತ್ತಿದ್ದಂತೆ ಇನ್ನೊಂದನ್ನು ಹಿಡಿದು ಓದುತ್ತಿದ್ದು, ಅವರು ಬಾಳಿ ಬದುಕಿದ ಗ್ರೇಟ್ ಮಿಸೆಂಡನ್‌ನಲ್ಲಿರುವ ವಸ್ತುಸಂಗ್ರಹಾಲಯವನ್ನು ನೋಡಲೇಬೇಕೆಂದು ಹಟ ಹಿಡಿದಿದ್ದಾಳೆ. ಐದು ವರ್ಷದ ಮಗನಿಗೆ ಆ ಕಥೆಗಳ ಪರಿಚಯ ಇನ್ನೂ ಆಗಿಲ್ಲ. ಹಿರಿಯರಿಗಂತೂ ಲೇಖಕರ ಹೆಸರೇ ಹೊಸದು. ಒಂದು ಇಡೀ ದಿನವನ್ನು ಮೀಸಲಿಡುವಷ್ಟು ಅಲ್ಲಿ ಏನಿದೆ, ಹೊರಡುವ ಮೊದಲು ಎಂತಹ ಸಿದ್ಧತೆ ಮಾಡಿಕೊಳ್ಳಬೇಕು, ಹಿರಿಯರಿಗೆ ಬೇಸರವಾಗುವುದಿಲ್ಲವೇ ಎಂಬುದನ್ನು ಹೋಗಿಬಂದವರು ದಯವಿಟ್ಟು ತಿಳಿಸಿ.

ಸ್ಲೋ ಪಟ್ಟಣದಲ್ಲಿರುವ ಒಬ್ಬ ತಾಯಿಯ ಉತ್ತರ

ವಸ್ತುಸಂಗ್ರಹಾಲಯವೆಂದರೆ ಲಂಡನ್ನಿನಲ್ಲಿ ನೋಡಿರುವಂತಹ ಭವ್ಯ ಕಟ್ಟಡವೆಂದು ಭಾವಿಸಿ ಹೋಗಬೇಡಿ. ಹಿಂದೆ ಕುದುರೆಗಾಡಿಗಳ ಪ್ರಯಾಣಿಕರು ತಂಗುತ್ತಿದ್ದ ಒಂದು ಹಳೆಯ ಛತ್ರ ಹಾಗೂ ಅದರ ಅಂಗಳವನ್ನು ದುರಸ್ತಿ ಮಾಡಿ 2005ರಲ್ಲಿ ಇದನ್ನು ತೆರೆಯಲಾಯಿತು. ಡಾಲ್ ಅವರ ಬಾಲ್ಯಕ್ಕೆ ಒಂದು ಭಾಗ, ಮುಂದಿನ ಬದುಕಿಗೆ ಒಂದು ಭಾಗ, ಮಕ್ಕಳು ತಾವೇ ಕಥೆ ಕಟ್ಟುವುದಕ್ಕೆ ಇನ್ನೊಂದು ಭಾಗ, ಇಷ್ಟೇ ಅದರ ವಿಸ್ತಾರ. ನಿಧಾನವಾಗಿ ನೋಡಿದರೂ ಎರಡು ಗಂಟೆಯ ಒಳಗೆ ಮುಗಿಯುತ್ತದೆ. ಹಾಗೆಂದು ಅರ್ಧ ದಿನಕ್ಕೆ ಹೋಗಿ ಬಂದುಬಿಡೋಣ ಎಂದುಕೊಂಡರೆ ಅಲ್ಲಿನ ಮುಖ್ಯವಾದುದೇ ಕೈತಪ್ಪುತ್ತದೆ, ಏಕೆಂದರೆ ನೋಡಬೇಕಾದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಆ ಕಟ್ಟಡದ ಹೊರಗೆ.

ಡಾಲ್ ಅವರು 1954ರಿಂದ 1990ರಲ್ಲಿ ತೀರಿಕೊಳ್ಳುವವರೆಗೂ ಇದೇ ಊರಿನಲ್ಲಿದ್ದರು. ದಿನವೂ ಕಣ್ಣಿಗೆ ಬೀಳುತ್ತಿದ್ದ ಕಟ್ಟಡಗಳನ್ನೂ ಕಾಡನ್ನೂ ಎತ್ತಿ ಕಥೆಗಳ ಒಳಗೆ ಇಟ್ಟರು. ಹೈ ಸ್ಟ್ರೀಟ್‌ನಲ್ಲಿ ನಡೆದು ಹೋಗುವಾಗ ಹಳೆಯ ಗ್ಯಾರೇಜೊಂದರ ಮುಂದೆ ಕೆಂಪು ಬಣ್ಣದ ಪೆಟ್ರೋಲ್ ಪಂಪುಗಳು ಕಾಣಿಸುತ್ತವೆ. ಅವುಗಳಿಂದ ಈಗ ಪೆಟ್ರೋಲ್ ಬರುವುದಿಲ್ಲ, ಆದರೆ ‘ಡ್ಯಾನಿ, ದಿ ಚಾಂಪಿಯನ್ ಆಫ್ ದಿ ವರ್ಲ್ಡ್’ ಕಥೆಯ ಹುಡುಗ ಡ್ಯಾನಿಯ ತಂದೆ ನಡೆಸುತ್ತಿದ್ದ ಬಂಕ್ ಹುಟ್ಟಿದ್ದು ಅಲ್ಲಿಂದಲೇ. ಅದೇ ಬೀದಿಯಲ್ಲಿರುವ ಕ್ರೌನ್ ಹೌಸ್ ಎಂಬ ಹಳೆಯ ಮನೆಯೇ ‘ದಿ ಬಿಎಫ್‌ಜಿ’ ಕಥೆಯ ಸೋಫಿ ಎಂಬ ಹುಡುಗಿಯನ್ನು ದೈತ್ಯನು ಕಿಟಕಿಯಿಂದ ಎತ್ತಿಕೊಂಡು ಹೋದ ಅನಾಥಾಲಯಕ್ಕೆ ಮಾದರಿ. ಊರಿನ ಪುಟ್ಟ ಗ್ರಂಥಾಲಯವು ‘ಮಟಿಲ್ಡಾ’ ಕಥೆಯ ಹುಡುಗಿ ಮಟಿಲ್ಡಾ ಓದಲು ಹೋಗುತ್ತಿದ್ದ ಗ್ರಂಥಾಲಯ. ಅವಳು ಅಲ್ಲಿ ಕುಳಿತಿರುವ ಹೊತ್ತಿನಲ್ಲಿ ಅವಳ ತಾಯಿ ಹತ್ತಿರದ ಏಲ್ಸ್‌ಬರಿ ಪಟ್ಟಣಕ್ಕೆ ಬಿಂಗೋ ಆಡಲು ಹೋಗಿರುತ್ತಾಳೆ. ನಮ್ಮ ಮಗಳು ರೈಲು ನಿಲ್ದಾಣದ ಫಲಕದಲ್ಲಿ ಏಲ್ಸ್‌ಬರಿಯ ಹೆಸರನ್ನು ಓದಿದ ಕೂಡಲೇ, ಹಾಗಾದರೆ ಅದು ನಿಜವಾದ ಊರೇ ಎಂದು ಬೆರಗಾಗಿ ಕೇಳಿದಳು. ಆಮೇಲೆ ವಸ್ತುಸಂಗ್ರಹಾಲಯದಲ್ಲಿ ಏನು ಕಂಡರೂ ಅವಳಿಗೆ ಅಷ್ಟು ಬೆರಗಾಗಲಿಲ್ಲ ಎಂದೇ ಹೇಳಬೇಕು.

ಆದ್ದರಿಂದ ಸಿದ್ಧತೆ ಎಂದರೆ ಓದುವುದು, ಬೇರೇನೂ ಅಲ್ಲ. ನಿಮ್ಮ ಮಗಳು ಡ್ಯಾನಿಯ ಕಥೆಯನ್ನು ಇನ್ನೂ ಓದಿಲ್ಲವಾದರೆ ಅದನ್ನು ಓದಿಸಿಕೊಂಡೇ ಹೋಗಿ. ಚಾಕೊಲೇಟ್ ಕಾರ್ಖಾನೆಯ ಕಥೆಯನ್ನು ಎಲ್ಲ ಮಕ್ಕಳೂ ಓದಿರುತ್ತಾರೆ, ಆದರೆ ಈ ಊರಿನ ಮಣ್ಣಿನ ವಾಸನೆ ಹೆಚ್ಚಾಗಿ ಇರುವುದು ಡ್ಯಾನಿಯ ಕಥೆಯಲ್ಲಿ. ಊರಿನ ಪಕ್ಕದ ಆಂಗ್ಲಿಂಗ್ ಸ್ಪ್ರಿಂಗ್ ಎಂಬ ಕಾಡಿನಲ್ಲಿ ಒಂದು ಸುತ್ತು ನಡೆದು ಬಂದರೆ, ಅಪ್ಪ ಮಗ ರಾತ್ರಿಯ ಹೊತ್ತು ಕದ್ದು ಕಾಡುಕೋಳಿ ಹಿಡಿಯಲು ಹೋದ ಪ್ರಸಂಗವು ಕಣ್ಣಿಗೆ ಕಟ್ಟುತ್ತದೆ. ಡಾಲ್ ಅವರು ವಾಸವಿದ್ದ ಜಿಪ್ಸಿ ಹೌಸ್ ಮಾತ್ರ ಖಾಸಗಿ ಮನೆ. ಗೇಟಿನ ಬಳಿ ನಿಂತು ಇಣುಕುವುದು ಬೇಡ.

ಲಂಡನ್ನಿನ ಮೆರಿಲಬೋನ್ ನಿಲ್ದಾಣದಿಂದ ಏಲ್ಸ್‌ಬರಿಯ ಕಡೆಗೆ ಹೋಗುವ ಚಿಲ್ಟರ್ನ್ ರೈಲಿನಲ್ಲಿ ಮುಕ್ಕಾಲು ಗಂಟೆಯ ಪ್ರಯಾಣ. ಇಳಿದ ಮೇಲೆ ವಸ್ತುಸಂಗ್ರಹಾಲಯಕ್ಕೆ ಕೆಲವೇ ನಿಮಿಷಗಳ ನಡಿಗೆ. ವಾರದ ಎಲ್ಲ ದಿನವೂ ಅದು ತೆರೆದಿರುವುದಿಲ್ಲವಾದ್ದರಿಂದ ದಿನವನ್ನು ನೋಡಿಕೊಂಡು, ಟಿಕೆಟ್ಟನ್ನು ಮುಂಚಿತವಾಗಿ ಕಾಯ್ದಿರಿಸಿಯೇ ಹೊರಡಿ.

ಹ್ಯಾರೋದಿಂದ ಒಬ್ಬ ತಂದೆಯ ಉತ್ತರ

ಮೇಲಿನವರ ಉತ್ಸಾಹವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಓದಿದ ಮಕ್ಕಳಿಗೆ ಅದು ಸರಿ. ಐದು ವರ್ಷದ ಮಗುವಿಗೆ ಗಾಜಿನ ಪೆಟ್ಟಿಗೆಯೊಳಗಿನ ಹಸ್ತಪ್ರತಿಯಿಂದ ಆಗಬೇಕಾದದ್ದೇನು? ಚಾಕೊಲೇಟಿನ ಪಟ್ಟಿಯಂತೆ ಮಾಡಿದ ಬಾಗಿಲನ್ನು ಮುಟ್ಟಿ ನೋಡಿ, ವೇಷ ಹಾಕಿಕೊಂಡು, ಬಣ್ಣ ಹಚ್ಚಿ ಮುಗಿಸಿದ ಮೇಲೆ ನಮ್ಮ ಕಿರಿಯವನು ಮನೆಗೆ ಹೋಗೋಣವೆಂದು ರಾಗ ತೆಗೆದನು. ನಾಲ್ಕಾರು ಜನರ ಕುಟುಂಬಕ್ಕೆ ರೈಲು ಮತ್ತು ಟಿಕೆಟ್ಟಿನ ಖರ್ಚೂ ಕಡಿಮೆಯೇನಲ್ಲ. ಅದೇ ರೈಲು ಮಾರ್ಗದಲ್ಲಿ ಮುಂದಿರುವ ಏಲ್ಸ್‌ಬರಿಯ ಡಿಸ್ಕವರ್ ಬಕ್ಸ್ ವಸ್ತುಸಂಗ್ರಹಾಲಯದಲ್ಲಿಯೂ ರೋಲ್ಡ್ ಡಾಲ್ ಹೆಸರಿನ ಮಕ್ಕಳ ವಿಭಾಗವೊಂದಿದ್ದು, ಕಥೆಗಳನ್ನು ಓದದ ಚಿಕ್ಕ ಮಕ್ಕಳಿಗೆ ಮುಟ್ಟಿ ಆಡುವುದಕ್ಕೆ ಅದೇ ಮೇಲು. ಎರಡೂ ಬೇರೆ ಬೇರೆ ಸ್ಥಳಗಳು, ಟಿಕೆಟ್ಟೂ ಬೇರೆ ಎಂಬುದನ್ನು ಗಮನದಲ್ಲಿಡಿ. ಹೆಸರು ಒಂದೇ ಆಗಿರುವುದರಿಂದ ಜನರು ಗೊಂದಲಕ್ಕೆ ಬೀಳುತ್ತಾರೆ. ನಾನಾದರೆ ಮಗಳನ್ನೂ ಹಿರಿಯರನ್ನೂ ಗ್ರೇಟ್ ಮಿಸೆಂಡನ್‌ಗೆ ಕಳುಹಿಸಿ ಮಗನನ್ನು ಏಲ್ಸ್‌ಬರಿಗೆ ಕರೆದೊಯ್ಯುತ್ತೇನೆ.

ಮಗಳ ಮನೆಗೆ ಬಂದುಹೋದ ನಿವೃತ್ತ ಶಿಕ್ಷಕರೊಬ್ಬರ ಉತ್ತರ

ಹಿರಿಯರಿಗೆ ಬೇಸರವಾಗುವುದಿಲ್ಲವೇ ಎಂದು ಕೇಳಿದ್ದೀರಿ. ನಾನು ಆ ಹಿರಿಯರ ಸಾಲಿಗೆ ಸೇರಿದವನು. ಶಿವಮೊಗ್ಗ ಜಿಲ್ಲೆಯ ಹಳ್ಳಿಶಾಲೆಗಳಲ್ಲಿ ಪಂಜೆಯವರ, ರಾಜರತ್ನಂ ಅವರ ಪದ್ಯಗಳನ್ನು ಹಾಡಿಸುತ್ತಾ ಕಾಲ ಕಳೆದವನು. ಡಾಲ್ ಅವರ ಒಂದು ಸಾಲನ್ನೂ ಓದದೆ ಅಲ್ಲಿಗೆ ಹೋದೆ, ಆದರೂ ನನ್ನ ಕಾಲು ಹಿಡಿದು ನಿಲ್ಲಿಸಿದ ಸಂಗತಿಗಳು ಅಲ್ಲಿ ಎರಡಿದ್ದವು.

ಮೊದಲನೆಯದು ಪತ್ರಗಳ ಕಥೆ. ಒಂಬತ್ತನೆಯ ವಯಸ್ಸಿಗೆ ಹಾಸ್ಟೆಲ್ ಸೇರಿದ ಹುಡುಗನು ಪ್ರತಿ ಭಾನುವಾರ ತಾಯಿಗೆ ಪತ್ರ ಬರೆಯಲಾರಂಭಿಸಿದನು. ಶಾಲೆಯಿಂದ, ಆಮೇಲೆ ಶೆಲ್ ಕಂಪನಿಯ ನೌಕರಿಗೆಂದು ಹೋದ ಆಫ್ರಿಕಾದ ದಾರ್ ಎಸ್ ಸಲಾಮ್‌ನಿಂದ, ಯುದ್ಧಕಾಲದಲ್ಲಿ ವಾಯುಪಡೆಯ ನೆಲೆಗಳಿಂದ ಬರೆಯುತ್ತಲೇ ಹೋದನು. ನಾರ್ವೆ ಮೂಲದ ಆ ತಾಯಿ ಆರುನೂರಕ್ಕೂ ಹೆಚ್ಚು ಪತ್ರಗಳನ್ನು ಲಕೋಟೆಗಳ ಸಹಿತ ಕಟ್ಟು ಕಟ್ಟಿ ಕಾಪಾಡಿಕೊಂಡಿದ್ದರೂ ಮಗನಿಗೆ ಒಂದು ಮಾತನ್ನೂ ಹೇಳಿರಲಿಲ್ಲ. 1967ರಲ್ಲಿ ಆಕೆ ತೀರಿಕೊಂಡ ಮೇಲೆಯೇ ಅವರಿಗೆ ಅದು ತಿಳಿದದ್ದು. ಈಗ ಆ ಪತ್ರಗಳು ಈ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿವೆ. ಶಾಲೆಯಲ್ಲಿ ಅವರ ಬರವಣಿಗೆಯ ಬಗ್ಗೆ ಶಿಕ್ಷಕರು ಬರೆದ ಷರಾಗಳು ಬಹಳ ಕೆಟ್ಟದಾಗಿದ್ದವು ಎಂಬುದನ್ನು ಓದಿ, ಇಂತಹ ಷರಾಗಳನ್ನು ಧಾರಾಳವಾಗಿ ಬರೆದ ನಮ್ಮಂತಹವರು ಸ್ವಲ್ಪ ಯೋಚಿಸಬೇಕಾಯಿತು. ರೆಪ್ಟನ್ ಶಾಲೆಯಲ್ಲಿದ್ದಾಗ ಕ್ಯಾಡ್‌ಬರಿ ಕಂಪನಿಯು ಹೊಸ ಚಾಕೊಲೇಟುಗಳನ್ನು ಹುಡುಗರಿಗೆ ರುಚಿ ನೋಡಲು ಕಳುಹಿಸುತ್ತಿತ್ತು, ಅವರು ಅಂಕ ಕೊಡಬೇಕಿತ್ತು. 1964ರಲ್ಲಿ ಪ್ರಕಟವಾದ ಚಾಕೊಲೇಟ್ ಕಾರ್ಖಾನೆಯ ಕಥೆಯ ಬೀಜ ಅಲ್ಲಿದೆ.

ಎರಡನೆಯದು ಬರೆಯುವ ಗುಡಿಸಲು. ಮನೆಯ ತೋಟದಲ್ಲಿ ಕಟ್ಟಿಕೊಂಡಿದ್ದ ಆ ಪುಟ್ಟ ಕೋಣೆಯ ಒಳಗಿನ ಸಕಲವನ್ನೂ 2012ರಲ್ಲಿ ಇಲ್ಲಿಗೆ ತಂದು ಇದ್ದದ್ದು ಇದ್ದಂತೆಯೇ ಜೋಡಿಸಿದ್ದಾರೆ. 1940ರಲ್ಲಿ ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ವಿಮಾನ ಅಪ್ಪಳಿಸಿ ಆದ ಪೆಟ್ಟಿನಿಂದ ಅವರಿಗೆ ಬೆನ್ನುನೋವು ಜೀವನಪರ್ಯಂತ ಬಿಡಲಿಲ್ಲ. ಮೇಜಿನ ಮುಂದೆ ನೆಟ್ಟಗೆ ಕುಳಿತು ಬರೆಯಲಾಗದೆ, ತಾಯಿಯ ಹಳೆಯ ಒರಗುಕುರ್ಚಿಯಲ್ಲಿ ಕುಳಿತು, ಬಿಲಿಯರ್ಡ್ಸ್ ಮೇಜಿಗೆ ಹೊದಿಸುವ ಹಸಿರು ಬಟ್ಟೆಯನ್ನು ಅಂಟಿಸಿದ ಹಲಗೆಯೊಂದನ್ನು ಅಡ್ಡ ಇಟ್ಟುಕೊಂಡು, ಆರು ಹಳದಿ ಪೆನ್ಸಿಲ್‌ಗಳನ್ನು ಚೂಪು ಮಾಡಿ, ಹಳದಿ ಕಾಗದದ ಮೇಲೆ ಬರೆಯುತ್ತಿದ್ದರು. ಪಕ್ಕದ ಮೇಜಿನ ಮೇಲೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅವರದೇ ಸೊಂಟದ ಮೂಳೆಯ ತುದಿ, ತಿಂದ ಚಾಕೊಲೇಟುಗಳ ಬೆಳ್ಳಿಹಾಳೆಯನ್ನು ಸುತ್ತಿ ಸುತ್ತಿ ಮಾಡಿದ ಭಾರವಾದ ಉಂಡೆ ಮುಂತಾದ ವಿಚಿತ್ರ ಸಾಮಾನುಗಳಿವೆ. ಮಕ್ಕಳಿಗೆ ಮೂಳೆಯನ್ನು ನೋಡಿ ಬಹಳ ಸಂತೋಷವಾಯಿತು. ನಾನು ಕುಪ್ಪಳಿಯ ಕವಿಮನೆಯನ್ನು ಅನೇಕ ಸಲ ನೋಡಿದವನು. ಅಲ್ಲಿ ಮನೆಯನ್ನು ನೋಡಿ ಕವಿಶೈಲವನ್ನು ಹತ್ತದೆ ಯಾರೂ ಹಿಂದಿರುಗುವುದಿಲ್ಲ. ಇಲ್ಲಿಯೂ ಹಾಗೆಯೇ ಮನೆಯ ಸಾಮಾನುಗಳನ್ನು ನೋಡಿದ ಮೇಲೆ ಹೊರಗಿನ ಬೀದಿ, ಕಾಡು, ಗುಡ್ಡವನ್ನು ನೋಡಬೇಕೆಂಬ ಮೊದಲನೆಯವರ ಮಾತು ಸರಿಯಾದದ್ದು. ಗ್ರೇಟ್ ಮಿಸೆಂಡನ್‌ಗೆ ಒಂದು ಅನುಕೂಲ ಹೆಚ್ಚು, ಏನೆಂದರೆ ಕನ್ನಡದಲ್ಲಿ ಹೇಳಿದರೂ ಆ ಕಥೆಗಳು ಕಥೆಗಳಾಗಿಯೇ ನಿಲ್ಲುತ್ತವೆ. ಮೊಮ್ಮಗಳಿಗೆ ನಾನು ಕಿಂದರಿಜೋಗಿಯ ಪದ್ಯವನ್ನು ಹೇಳಿದೆ, ಅವಳು ನನಗೆ ದೈತ್ಯನ ಕಥೆಯನ್ನು ಹೇಳಿದಳು. ನಿಮ್ಮ ಅತ್ತೆ ಮಾವನವರಿಗೆ ಮೊದಲೇ ಪುಸ್ತಕ ಓದಿಸುವ ತೊಂದರೆ ತೆಗೆದುಕೊಳ್ಳಬೇಡಿ. ಕಥೆ ಹೇಳುವ ಕೆಲಸವನ್ನು ಮಗಳಿಗೆ ಒಪ್ಪಿಸಿ.

ಮಕ್ಕಳ ವೈದ್ಯೆಯೊಬ್ಬರ ಉತ್ತರ

ಡಾಲ್ ಅವರ ಸಂಸಾರದ ದುಃಖದ ಸಂಗತಿಗಳು ಈ ಊರಿಗೆ ಅಂಟಿಕೊಂಡಿರುವುದರಿಂದ, ಮಕ್ಕಳು ಕೇಳಿದರೆ ಏನು ಹೇಳಬೇಕೆಂಬುದನ್ನು ನೀವು ತಿಳಿದುಕೊಂಡಿರುವುದು ಒಳ್ಳೆಯದು. 1960ರಲ್ಲಿ ನ್ಯೂಯಾರ್ಕಿನಲ್ಲಿ ಕೂಸುಗಾಡಿಗೆ ಟ್ಯಾಕ್ಸಿ ಬಡಿದು ಅವರ ಹಸುಗೂಸು ಥಿಯೋಗೆ ತಲೆಗೆ ತೀವ್ರ ಪೆಟ್ಟಾಯಿತು. ಮೆದುಳಿನಲ್ಲಿ ನೀರು ತುಂಬಿಕೊಳ್ಳುತ್ತಿತ್ತು, ಅದನ್ನು ಹೊರಹರಿಸಲು ಅಳವಡಿಸಿದ್ದ ಕವಾಟವು ಪದೇ ಪದೇ ಕಟ್ಟಿಕೊಳ್ಳುತ್ತಿತ್ತು. ಡಾಲ್ ಅವರು ಕೈಕಟ್ಟಿ ಕೂರದೆ, ಸ್ಟ್ಯಾನ್ಲಿ ವೇಡ್ ಎಂಬ ಎಂಜಿನಿಯರ್ ಹಾಗೂ ಕೆನೆತ್ ಟಿಲ್ ಎಂಬ ನರಶಸ್ತ್ರಚಿಕಿತ್ಸಕರನ್ನು ಸೇರಿಸಿ ಹೊಸ ಕವಾಟವೊಂದನ್ನು ಮಾಡಿಸಿದರು. ಅದು ಸಿದ್ಧವಾಗುವ ಹೊತ್ತಿಗೆ ಥಿಯೋಗೆ ಅದರ ಅಗತ್ಯ ಉಳಿದಿರಲಿಲ್ಲ, ಆದರೆ ಬೇರೆ ಎಷ್ಟೋ ಮಕ್ಕಳಿಗೆ ಉಪಯೋಗವಾಯಿತು. ಎರಡು ವರ್ಷ ತುಂಬುವುದರೊಳಗೆ, 1962ರ ನವೆಂಬರಿನಲ್ಲಿ, ಏಳು ವರ್ಷದ ಮಗಳು ಒಲಿವಿಯಾ ದಡಾರದಿಂದ ಮೆದುಳುಜ್ವರ ಬಂದು ತೀರಿಕೊಂಡಳು. ಬ್ರಿಟನ್ನಿನಲ್ಲಿ ದಡಾರದ ಲಸಿಕೆ ಸಾರ್ವಜನಿಕವಾಗಿ ಬಂದದ್ದು 1968ರಲ್ಲಿ. ಇಪ್ಪತ್ತು ವರ್ಷಗಳ ನಂತರ ಸೋಫಿಯ ಕಥೆಯನ್ನು ಅವರು ಒಲಿವಿಯಾಗೆ ಅರ್ಪಿಸಿದರು. 1980ರ ದಶಕದಲ್ಲಿ ಮಕ್ಕಳಿಗೆ ಲಸಿಕೆ ಹಾಕಿಸಿ ಎಂದು ತಂದೆತಾಯಿಯರನ್ನು ಬೇಡಿಕೊಂಡು ಬರೆದ ಅವರ ಪತ್ರವನ್ನು ನಾನು ಈಗಲೂ ಪೋಷಕರಿಗೆ ಓದಲು ಕೊಡುತ್ತೇನೆ. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ರೆಡಿಂಗ್‌ನಿಂದ ಇನ್ನೊಬ್ಬರ ಉತ್ತರ

ಯಾರೂ ಹೇಳದಿರುವ ಒಂದು ವಿಷಯವಿದೆ. ಡಾಲ್ ಅವರು ಯಹೂದಿಗಳ ಬಗ್ಗೆ ಬಹಿರಂಗವಾಗಿಯೇ ಹೀನವಾದ ಮಾತುಗಳನ್ನು ಆಡಿದ್ದರು. ಅವರ ಕುಟುಂಬದವರು 2020ರಲ್ಲಿ ಕ್ಷಮೆ ಕೇಳಿದ್ದಾರೆ, 2023ರಲ್ಲಿ ವಸ್ತುಸಂಗ್ರಹಾಲಯವೂ ಲೇಖಕರ ಜನಾಂಗದ್ವೇಷವನ್ನು ಅಲ್ಲಗಳೆಯಲಾಗದು ಎಂದು ಒಪ್ಪಿ ಹೇಳಿಕೆ ನೀಡಿದೆ. ಚಾಕೊಲೇಟ್ ಕಾರ್ಖಾನೆಯ ಪುಟ್ಟ ಕೆಲಸಗಾರರನ್ನು ಮೊದಲ ಆವೃತ್ತಿಯಲ್ಲಿ ಆಫ್ರಿಕಾದ ಕಾಡಿನಿಂದ ಕರೆತಂದ ಕುಬ್ಜರೆಂದು ಚಿತ್ರಿಸಲಾಗಿತ್ತು. ಆಕ್ಷೇಪಗಳು ಬಂದ ಮೇಲೆ 1973ರ ಆವೃತ್ತಿಯಲ್ಲಿ ಅದನ್ನು ಡಾಲ್ ಅವರೇ ಬದಲಾಯಿಸಿದರು. ಇದಕ್ಕಾಗಿ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ, ನಾವೂ ಹೋಗಿದ್ದೇವೆ. ಈ ದೇಶದಲ್ಲಿ ಕಂದು ಬಣ್ಣದ ಮಕ್ಕಳಾಗಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ, ಒಂಬತ್ತು ಹತ್ತು ವಯಸ್ಸಾದವರಿಗೆ, ಈ ವಿಷಯವನ್ನು ಮರೆಮಾಚದೆ ಹೇಳಬಹುದು. ನನ್ನ ಮಗ ಅದನ್ನು ಕೇಳಿ, ಹಾಗಾದರೆ ದೈತ್ಯ ಒಳ್ಳೆಯವನು, ಬರೆದವನು ಅಷ್ಟು ಒಳ್ಳೆಯವನಲ್ಲ ಎಂದು ತೀರ್ಮಾನಿಸಿ ಮತ್ತೆ ಓದಲು ಕುಳಿತನು.

ಸ್ಲೋ ಪಟ್ಟಣದ ತಾಯಿಯ ಮರುಉತ್ತರ

ಹಿರಿಯರ ನಡಿಗೆಯ ಬಗ್ಗೆ ಬರೆಯುವುದು ಉಳಿದಿತ್ತು. ಹೈ ಸ್ಟ್ರೀಟ್ ಸಮತಟ್ಟಾಗಿದ್ದು ಎಲ್ಲರೂ ಆರಾಮವಾಗಿ ನಡೆಯಬಹುದು. ಡಾಲ್ ಅವರ ಸಮಾಧಿಯಿರುವ ಸೇಂಟ್ ಪೀಟರ್ ಮತ್ತು ಸೇಂಟ್ ಪಾಲ್ ಚರ್ಚು ಮಾತ್ರ ಊರಾಚೆಯ ಹೆದ್ದಾರಿಯನ್ನು ದಾಟಿ ಏರು ಹತ್ತಿದ ಮೇಲೆ ಸಿಗುತ್ತದೆ. ಮಂಡಿನೋವಿರುವವರನ್ನು ಕೆಳಗೇ ಯಾವುದಾದರೂ ಕಾಫಿ ಅಂಗಡಿಯಲ್ಲಿ ಕೂರಿಸಿ ಹೋಗಿ. ಸಮಾಧಿಯ ಕಡೆಗೆ ದೈತ್ಯನ ಹೆಜ್ಜೆಗುರುತುಗಳನ್ನು ಮೂಡಿಸಿರುವುದರಿಂದ ಮಕ್ಕಳು ದಾರಿಯನ್ನು ತಾವೇ ಹುಡುಕುತ್ತಾರೆ, ಪೆನ್ಸಿಲ್ಲನ್ನೋ ಆಟಿಕೆಯನ್ನೋ ಅಲ್ಲಿಡಲು ಕೇಳುತ್ತಾರೆ, ಒಂದನ್ನು ಚೀಲದಲ್ಲಿ ಇಟ್ಟುಕೊಂಡಿರಿ. ಚರ್ಚನ್ನು ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಸಿಕೊಳ್ಳಿ. ಹಿರಿಯರು ಸಸ್ಯಾಹಾರಿಗಳಾದರೆ ಚಪಾತಿ, ಚಿತ್ರಾನ್ನ ಕಟ್ಟಿಕೊಂಡು ಹೋಗುವುದು ಸುಲಭ. ಸಣ್ಣ ಊರಿನಲ್ಲಿ ಆಯ್ಕೆ ಕಡಿಮೆ. ಇನ್ನು ಸೆಪ್ಟೆಂಬರ್ 13 ಲೇಖಕರ ಹುಟ್ಟಿದ ದಿನ. ಅದರ ಆಸುಪಾಸಿನ ವಾರಾಂತ್ಯದಲ್ಲಿಯೂ ಶಾಲೆಯ ರಜೆಗಳಲ್ಲಿಯೂ ಜನ ಹೆಚ್ಚು. ಬೆಳಗಿನ ಮೊದಲ ಪ್ರವೇಶದ ಟಿಕೆಟ್ಟು ಸಿಕ್ಕರೆ ಗುಡಿಸಲಿನ ಮುಂದೆ ನಿಂತು ನೋಡಲು ನಿಮ್ಮ ಮಗಳಿಗೆ ಜಾಗ ಸಿಗುತ್ತದೆ.